ಅವನ ಪಾಲಿನ ಶಟಲ್

"ಮೇಡಂ, ಇದೇನು ಆಟಾನಾ, ಇಲ್ಲಾ ಪ್ರಸಾದ ಹಂಚ್ತಿದೀರಾ?"

ಸುಚಿತ್ರಾ ಬೆಚ್ಚಿ ನಿಂತಳು.

ನೆಟ್‌ನ ಆಚೆ ಬದಿಯ ಯುವಕ ಅವಳು ಕಳಿಸಿದ ಶಟಲನ್ನು ಹೊಡೆಯಲೇ ಇಲ್ಲ. ಎಡಗೈ ಚಾಚಿ ಗಾಳಿಯಲ್ಲೇ ಹಿಡಿದ. ಹಿಡಿದದ್ದನ್ನು ಭಕ್ತಿಯಿಂದ ಎರಡೂ ಕಣ್ಣಿಗೆ ಒತ್ತಿಕೊಂಡ. ಸುತ್ತ ನಿಂತವರೆಲ್ಲ ಗೊಳ್ಳೆಂದು ನಕ್ಕರು!

"ಏನಂದ್ರಿ?" ಅವಳ ಕಿವಿ ಬಿಸಿಯಾಯಿತು.

"ಅಲ್ಲಾ, ಹತ್ತು ನಿಮಿಷದಿಂದ ನೋಡ್ತಿದೀನಿ. ನಾನು ನಿಂತ ಜಾಗಕ್ಕೇ ತಂದು ತಂದು ಕೊಡ್ತಿದೀರಿ. ಹಿಂಗೆ ಆಡಿನಾ ನ್ಯಾಷನಲ್ಸಲ್ಲಿ ಚಿನ್ನ ಗೆದ್ದಿದ್ದು?"

ಗೆದ್ದದ್ದಂತೂ ನಿಜ. ಪಾರಾ ಬ್ಯಾಡ್ಮಿಂಟನ್‌ನಲ್ಲಿ, ಕೈ ಊನವಿರುವ ಮಹಿಳೆಯರ ಸಿಂಗಲ್ಸ್‌ನಲ್ಲಿ, ಸತತ ಎರಡು ವರ್ಷ. ಸುಚಿತ್ರಾಳ ಎಡಗೈ ಹುಟ್ಟಿನಿಂದಲೇ ಮೊಣಕೈಗಿಂತ ನಾಲ್ಕು ಬೆರಳು ಕೆಳಗೆ ಮುಗಿದುಹೋಗಿತ್ತು. ಹೊಸನಗರದ ಕಡೆಯ ಹಳ್ಳಿಯ ಹುಡುಗಿ. ಕ್ರೀಡಾ ಕೋಟಾದಲ್ಲಿ ಸಾಗರದ ತಾಲ್ಲೂಕು ಕಚೇರಿಯಲ್ಲಿ ಕೆಲಸ ಸಿಕ್ಕಿ ಒಂದು ವಾರವಾಗಿತ್ತು. ಈ ಕೋರ್ಟಿಗೆ ಅವತ್ತೇ ಮೊದಲ ಸಲ ಬಂದದ್ದು.

ಅವನ ಹೆಸರು ನಿರಂಜನ. ಚಡ್ಡಿಯ ಕೆಳಗೆ ಅವನ ಎಡಗಾಲು ತೊಡೆಯಿಂದಲೇ ಕೃತಕ. ಹತ್ತೊಂಬತ್ತನೇ ವಯಸ್ಸಿನಲ್ಲಿ ಬೈಕಿನಿಂದ ಬಿದ್ದು ಕಳೆದುಕೊಂಡದ್ದು. ಆ ಸ್ಟೀಲಿನ ಕಾಲು ಕಂಡ ಕೂಡಲೇ ಸುಚಿತ್ರಾಳ ಮನಸ್ಸು 'ಪಾಪ' ಅಂದಿತ್ತು. ತನ್ನ ಬಗ್ಗೆ ಯಾರಾದರೂ ಅದೇ ಮಾತು ಅಂದರೆ ಉರಿದು ಬೀಳುವ ಹುಡುಗಿ ಇವಳು! ತನ್ನ ಮನಸ್ಸು ಅಂದದ್ದು ಮಾತ್ರ ತನಗೇ ಕೇಳಿಸಲಿಲ್ಲ ನೋಡಿ.

"ಸರಿ. ಈಗ ತಗೊಳ್ಳಿ," ಎಂದು ಹಲ್ಲು ಕಚ್ಚಿದಳು.

ಶಟಲನ್ನು ಎಡ ಮೊಣಕೈಯ ಮಡಿಕೆಯಲ್ಲಿ ಸಿಕ್ಕಿಸಿ, ಸಡಿಲಿಸಿ, ಸರ್ವ್ ಮಾಡಿದಳು. ಅವನು ಹಿಂತಿರುಗಿಸಿದ. ಅವಳು ಅವನ ಹಿಂದಿನ ಎಡ ಮೂಲೆಗೆ, ಆ ಸ್ಟೀಲಿನ ಕಾಲಿನ ಕಡೆಗೇ, ಕರುಣೆಯಿಲ್ಲದೆ ಬಾರಿಸಿದಳು.

ಅವನು ತಿರುಗಿದ, ಜಾರಿದ, ದಬಾರನೆ ಬಿದ್ದ.

'ಅಯ್ಯೋ!' ಸುಚಿತ್ರಾ ರಾಕೆಟ್ ಬಿಸಾಡಿ ಓಡಲು ಹೊರಟಳು. ಕೋಚ್ ವಿಘ್ನೇಶ್ವರ ಮಾಷ್ಟ್ರು ಅಡ್ಡ ನಿಂತರು. "ಬೇಡ ಮಾರಾಯ್ತಿ. ಅವನಿಗೆ ಏಳಕ್ಕೆ ಬರ್ತದೆ."

ಅವನು ನಿಧಾನಕ್ಕೆ ಮಗ್ಗುಲಾಗಿ, ಬಲಗಾಲು ಊರಿ ಎದ್ದ. ಮುಖದ ತುಂಬ ನಗು. "ಹ್ಞಾ! ಈಗ ಸರಿಯಾಯ್ತು!"

ಆ ನಗು... ಅದು ಸುಚಿತ್ರಾಳ ಎದೆಯೊಳಗೆ ಎಲ್ಲಿಗೆ ಹೋಗಿ ಕೂತಿತು ಅಂತ ಅವಳಿಗೆ ಅವತ್ತು ಗೊತ್ತಾಗಲಿಲ್ಲ.

ಆ ಕೋರ್ಟೇ ಒಂದು ವಿಚಿತ್ರ. ಅದು ಮಾಷ್ಟ್ರ ಅಜ್ಜನ ಕಾಲದ ಅಡಿಕೆ ವಖಾರಿ. ಮೂಟೆಗಳು ಖಾಲಿಯಾದ ಮೇಲೆ, ದೈಹಿಕ ಶಿಕ್ಷಕರಾಗಿ ನಿವೃತ್ತರಾದ ಮಾಷ್ಟ್ರು ನೆಲಕ್ಕೆ ಹಲಗೆ ಹಾಕಿಸಿ, ನೆಟ್ ಕಟ್ಟಿ, ಮಕ್ಕಳಿಗೆ ಆಟ ಕಲಿಸತೊಡಗಿದ್ದರು. ಗೋಡೆಗಳಿಗೆ ಇನ್ನೂ ಒಣಗಿದ ಅಡಿಕೆಯ ವಾಸನೆ. ನಡುವೆ ಒಂದು ದಪ್ಪ ತೊಲೆ, ತೀರಾ ತಗ್ಗಿನಲ್ಲಿ. ಶಟಲನ್ನು ಎತ್ತರಕ್ಕೆ ಹೊಡೆದರೆ ತೊಲೆಗೆ ತಾಗಿ ಕೆಳಗೆ ಬೀಳುತ್ತಿತ್ತು. ಹಾಗಾಗಿ ಇಲ್ಲಿ ಕಲಿತವರೆಲ್ಲ ತೊಲೆಯ ಕೆಳಗೆ ತೂರಿಸಿ, ಚಪ್ಪಟೆಯಾಗಿ, ವೇಗವಾಗಿ ಹೊಡೆಯುವವರು.

ಅವತ್ತು ಆಟ ಮುಗಿದ ಮೇಲೆ ಸುಚಿತ್ರಾ ವಖಾರಿಯ ಮೆಟ್ಟಿಲ ಮೇಲೆ ಕೂತು ಬೂಟಿನ ಲೇಸ್ ಕಟ್ಟಿಕೊಳ್ಳುತ್ತಿದ್ದಳು. ಒಂದು ತುದಿಯನ್ನು ಎಡ ಮೊಣಕೈಯಿಂದ ಒತ್ತಿ ಹಿಡಿದು, ಇನ್ನೊಂದನ್ನು ಬೆರಳುಗಳಲ್ಲಿ ಸುತ್ತಿ... ಹೊತ್ತು ಹಿಡಿಯುವ ಕೆಲಸ. ನಿರಂಜನ ಪಕ್ಕದಲ್ಲೇ ನಿಂತಿದ್ದ. ಎರಡೂ ಕೈ ಬೆನ್ನ ಹಿಂದೆ. ಕಣ್ಣು ರಸ್ತೆಯ ಮೇಲೆ.

'ಒಂದು ಮಾತಿಗಾದ್ರೂ ಕಟ್ಟಿಕೊಡ್ಲಾ ಅಂತ ಕೇಳ್ಲಿಲ್ಲ! ಎಂಥಾ ಮನುಷ್ಯ!' ಎಂದು ಸಿಟ್ಟು ಬಂತು.

ಗಂಟು ಬಿತ್ತು. ಅವಳು ಎದ್ದಳು.

"ಬನ್ನಿ, ಟೀ ಕುಡಿಯಣ," ಅಂದ.

ಟೀ ಅಂಗಡಿಯವರೆಗೆ ನಡೆಯುವಾಗ ಅವಳಿಗೆ ಇನ್ನೊಂದು ಹೊಳೆಯಿತು. ಅವನು ಅವಳ ಕೈ ನೋಡಲೂ ಇಲ್ಲ, ಅವಸರ ಮಾಡಲೂ ಇಲ್ಲ. ಸುಮ್ಮನೆ ಕಾದಿದ್ದ. ಹಾಗೆ ಕಾದವರು ಅವಳ ಬದುಕಿನಲ್ಲಿ ಎಷ್ಟು ಜನ?

*

"ಮಿಕ್ಸೆಡ್ ಡಬಲ್ಸ್ ಆಡಿ," ಎಂದರು ಮಾಷ್ಟ್ರು ಒಂದು ದಿನ. "ಕಾಲಿನ ತೊಂದರೆ ಇರೋ ಒಬ್ಬರು, ಕೈಯಿನ ತೊಂದರೆ ಇರೋ ಒಬ್ಬರು ಜೋಡಿ ಆಗಬಹುದು ಅಂತ ನಿಯಮ ಇದೆ. ನಿನಗೆ ಎರಡು ಕಾಲಿದೆ, ಅವನಿಗೆ ಎರಡು ಕೈಯಿದೆ. ಇನ್ನೆಂತ ಬೇಕು?"

ಇನ್ನೇನೂ ಬೇಕಿರಲಿಲ್ಲ!

ಆಮೇಲಿನ ತಿಂಗಳುಗಳು ಸುಚಿತ್ರಾಳಿಗೆ ಒಂದು ಉದ್ದನೆಯ ಕನಸಿನ ಹಾಗೆ ಕಳೆದವು. ಬೆಳಗ್ಗೆ ಆರಕ್ಕೆ ವಖಾರಿ. ಗವಾಕ್ಷಿಯಿಂದ ಬಿಸಿಲ ಕೋಲು ಇಳಿದು, ಹಾರುವ ಶಟಲ್ ಅದರೊಳಗೆ ಒಂದು ಕ್ಷಣ ಬೆಳ್ಳಗೆ ಹೊಳೆದು ಮಾಯವಾಗುತ್ತಿತ್ತು. ಸಂಜೆ ಬಸ್‌ಸ್ಟ್ಯಾಂಡಿನ ಹತ್ತಿರ ಅವನ ಗಟ್ಟಿಂಗ್ ಅಂಗಡಿ. ಅಂಗಡಿ ಅಂದರೆ ಒಂದು ಮೇಜು, ಒಂದು ಯಂತ್ರ, ಗೋಡೆ ತುಂಬ ರಾಕೆಟ್. ಹರಿದ ತಂತಿ ತೆಗೆದು ಹೊಸದು ಬಿಗಿಯುವುದು ಅವನ ಕಸುಬು. ಅವಳ ರಾಕೆಟ್ಟಿಗೆ ಗಟ್ಟಿಂಗ್ ಹಾಕಿದ ಮೇಲೆ ಬೆರಳಲ್ಲಿ ಮೀಟಿ, ಕಿವಿಗಿಟ್ಟು ಕೇಳಿ, ಕಣ್ಣು ಮುಚ್ಚುತ್ತಿದ್ದ.

"ಏನು ಹೇಳುತ್ತೆ ಅದು?" ಎಂದು ಅವಳು ಕೇಳುತ್ತಿದ್ದಳು.

"ಗುಟ್ಟು," ಅನ್ನುತ್ತಿದ್ದ.

ಮೊದಲ ಮೂರು ಟೂರ್ನಮೆಂಟಿನಲ್ಲಿ ಎರಡನ್ನು ಗೆದ್ದರು. ಅವನು 'ನೀವು' ಬಿಟ್ಟು 'ನೀನು' ಅನ್ನತೊಡಗಿದ. ಅವಳಿಗೆ ಬಾಯಿ ಬರಲಿಲ್ಲ, 'ನೀವು' ಎಂದೇ ಉಳಿದಳು. ಆದರೆ ಹಾಗೆ ಅನ್ನುವಾಗಿನ ದನಿ ಮಾತ್ರ ಬದಲಾಗಿತ್ತು. ಮಾಷ್ಟ್ರಿಗೆ ಎಲ್ಲ ಗೊತ್ತಾಗಿತ್ತು. ಆದರೂ ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ನಮಗೇಕೆ ಎಂದು ಸುಮ್ಮನಿದ್ದರು.

ಚಿನ್ನ ಗೆದ್ದರೆ ಮಗಳನ್ನು ಸಿಗಂದೂರಿಗೆ ಕಳಿಸುತ್ತೇನೆ ಎಂದು ಸುಚಿತ್ರಾಳ ಅಮ್ಮ ಹರಕೆ ಹೊತ್ತಿದ್ದಳು. ಮಾಷ್ಟ್ರು ತಮ್ಮ ಕಾರಿನಲ್ಲಿ ಇಬ್ಬರನ್ನೂ ಕರೆದುಕೊಂಡು ಹೋದರು. ದೇವಿಯ ದರ್ಶನ ಮುಗಿಸಿ ಬರುವಾಗ, ಹಿನ್ನೀರಿನ ಹೊಸ ಸೇತುವೆಯ ಹತ್ತಿರ ನಿರಂಜನ ಅಂದ, "ಮಾಷ್ಟ್ರೇ, ನೀವು ಆಚೆ ದಡದಲ್ಲಿರಿ. ನಾವು ನಡ್ಕೊಂಡು ಬರ್ತೀವಿ."

ಕೆಳಗೆ ಮೈಲುಗಟ್ಟಲೆ ನೀರು. ಮೇಲೆ ಅಷ್ಟೇ ಆಕಾಶ. ನಡುವೆ ಇವರಿಬ್ಬರು.

"ಸೇತುವೆ ಬರೋ ಮುಂಚಿನ ಲಾಂಚೇ ಚೆನ್ನಾಗಿತ್ತು," ಅಂದ ಅವನು.

"ಯಾಕೆ? ಆಗ ಗಂಟೆಗಟ್ಲೆ ಕಾಯಬೇಕಿತ್ತಲ್ಲ."

"ಅದಕ್ಕೇ."

ಸುಚಿತ್ರಾ ಮುಖ ಆಚೆ ತಿರುಗಿಸಿದಳು. ಗಾಳಿಗೆ ಕೂದಲು ಹಾರುತ್ತಿತ್ತು, ಹೃದಯವೂ! 'ಈಗ ಹೇಳ್ತಾರೆ... ಈಗ...' ಅವನು ಕಂಬಿ ಹಿಡಿದು ನಿಂತ. ಏನೋ ಹೇಳಲು ಬಾಯಿ ತೆರೆದ. ಅವನ ಹಣೆಯಲ್ಲಿ ಬೆವರು ಕಂಡಿತು ಅವಳಿಗೆ.

"ಕಾಲು ನೋಯ್ತಿದೆಯಾ? ಮಾಷ್ಟ್ರಿಗೆ ಫೋನ್ ಮಾಡಿ ಕಾರ್ ವಾಪಸ್ ತರಿಸ್ಲಾ?"

ತೆರೆದ ಬಾಯಿ ಮುಚ್ಚಿತು.

"ಬೇಡ," ಎಂದಷ್ಟೇ ಹೇಳಿ ಅವನು ನಡೆದ. ಏನು ತಪ್ಪಾಯಿತೆಂದು ಅವಳಿಗೆ ತಿಳಿಯಲಿಲ್ಲ.

*

ಡಿಸೆಂಬರಿನಲ್ಲಿ ದಾವಣಗೆರೆಯ ಸೆಮಿಫೈನಲ್.

ಎದುರಾಳಿಗಳು ಅವನ ಹಿಂದಿನ ಎಡ ಮೂಲೆಯನ್ನು ಕಂಡುಹಿಡಿದುಬಿಟ್ಟಿದ್ದರು. ಹತ್ತರಲ್ಲಿ ಎಂಟು ಶಟಲ್ ಅಲ್ಲಿಗೇ. ಪ್ರತಿ ಸಲವೂ ಸುಚಿತ್ರಾ "ನಂದು!" ಎಂದು ಕೂಗಿ, ಅವನ ಮುಂದೆಯೇ ಹಾದು ಓಡಿ, ತಾನೇ ಹೊಡೆದಳು. ಅವನು ರಾಕೆಟ್ ಎತ್ತುವಷ್ಟರಲ್ಲಿ ಅವಳು ಅಲ್ಲಿ! ಕೊನೆಗೆ ಅವಳಿಗೆ ಉಸಿರೇ ನಿಂತಂತಾಯಿತು. ಸೋತರು.

ಹೊರಗೆ ಒಬ್ಬ ಪತ್ರಕರ್ತ ಮೈಕ್ ಹಿಡಿದ. ಏದುಸಿರು ಬಿಡುತ್ತಾ ಅವಳು ಅಂದಳು, "ನಿರಂಜನ್ ಅವರಿಗೆ ತೊಂದರೆ ಆಗಬಾರದು ಅಂತ ಅವರ ಭಾಗಾನೂ ನಾನೇ ಆಡಿದೆ. ಆದ್ರೂ ಆಗ್ಲಿಲ್ಲ."

ಎಷ್ಟು ಪ್ರೀತಿಯಿಂದ ಅಂದಿದ್ದಳು! ನಾಲ್ಕು ಹೆಜ್ಜೆ ಹಿಂದೆ ಅವನು ಕೇಳಿಸಿಕೊಳ್ಳುತ್ತಿದ್ದ.

ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಾಗ ಕೇಳಿದ, "ಇವತ್ತು ನಾನು ಎಷ್ಟು ಸಲ ಶಟಲ್ ಮುಟ್ಟಿದೆ ಗೊತ್ತಾ?"

"ಅಂದ್ರೆ?"

"ಕೊನೇ ಗೇಮಲ್ಲಿ ಆರು. ಬರೀ ಆರು ಸಲ. ಉಳಿದಿದ್ದಕ್ಕೆಲ್ಲ ನಾನು ಕಂಬ."

"ಸೋಲಬಾರದು ಅಂತ ಓಡಿದೆ. ಅದೂ ತಪ್ಪಾ? ನೀವು ಬಿದ್ದುಬಿಟ್ರೆ..."

"ಬಿದ್ರೆ ಏಳ್ತೀನಿ!" ಅವನು ಅವಳ ಕಡೆ ತಿರುಗಿದ. "ಸುಚಿತ್ರಾ, ನಾನಿನ್ನು ನಿನ್ನ ಜೊತೆ ಆಡಲ್ಲ."

ಅವಳಿಗೆ ಕಣ್ಣು ಕತ್ತಲಿಟ್ಟಿತು. ನೋವಿಗೆ ಬಾಯಿಗೆ ಬಂದದ್ದನ್ನೇ ಆಡಿದಳು. "ಗೊತ್ತಾಯ್ತು. ಎಲ್ಲರೂ ನನ್ನ ಹೆಸರು ಹೇಳ್ತಾರೆ, ನಿಮ್ಮ ಹೆಸರು ಯಾರೂ ಹೇಳಲ್ಲ. ಅದು ನಿಮಗೆ ತಡ್ಕೊಳಕ್ಕಾಗ್ತಿಲ್ಲ. ಅಷ್ಟೇ ಅಲ್ವಾ?"

ಅವನು ಅವಳನ್ನು ಒಂದು ಕ್ಷಣ ನೋಡಿದ. ಆಮೇಲೆ ಎದ್ದು ಬೇರೆ ಬಸ್ ಹತ್ತಿದ.

ಆಡಿದ ಮಾತು, ಒಡೆದ ಮುತ್ತು. ಎರಡನ್ನೂ ಜೋಡಿಸಲು ಬರುವುದಿಲ್ಲ. ಸುಚಿತ್ರಾ ಸಾಗರದವರೆಗೂ ಕಿಟಕಿಗೆ ಹಣೆಯಿಟ್ಟು ಅತ್ತಳು.

*

ಎರಡು ತಿಂಗಳು. ಅವನು ವಖಾರಿಗೆ ಬೆಳಗ್ಗೆ ಬರುವುದನ್ನು ಬಿಟ್ಟು ಮಧ್ಯಾಹ್ನ ಬರತೊಡಗಿದ. ಅವಳು ಆ ಹೊತ್ತಿಗೆ ಕಚೇರಿಯಲ್ಲಿರುತ್ತಾಳೆ ಎಂದು ಲೆಕ್ಕ ಹಾಕಿಯೇ. ಅವಳು ರಾಕೆಟ್ಟನ್ನು ಶಿವಮೊಗ್ಗಕ್ಕೆ ಕಳಿಸಿ ಗಟ್ಟಿಂಗ್ ಹಾಕಿಸಿದಳು. ತಂತಿ ಬಿಗಿಯಾಗಿಯೇ ಇತ್ತು. ಬೆರಳಲ್ಲಿ ಮೀಟಿ ಕಿವಿಗಿಟ್ಟುಕೊಂಡರೆ ಮಾತ್ರ ಯಾವ ಗುಟ್ಟೂ ಕೇಳಿಸಲಿಲ್ಲ.

ಫೆಬ್ರವರಿಯಲ್ಲಿ ಮಾಷ್ಟ್ರು ಇಬ್ಬರನ್ನೂ ಒಟ್ಟಿಗೆ ಕರೆಸಿದರು. "ತೀರ್ಥಹಳ್ಳಿಲಿ ರಾಜ್ಯ ಚಾಂಪಿಯನ್‌ಶಿಪ್. ನಿಮ್ಮಿಬ್ಬರ ಹೆಸರು ನವೆಂಬರಲ್ಲೇ ಕೊಟ್ಟಾಗಿದೆ. ಗೆದ್ದ ಜೋಡಿ ನ್ಯಾಷನಲ್ಸಿಗೆ."

"ಹೆಸರು ವಾಪಸ್ ತಗೊಳ್ಳಿ," ಅಂದ ನಿರಂಜನ.

"ವಾಪಸ್ ತಗಳ ದಿನ ದಾಟಿಹೋಯ್ತು."

ದಿನ ದಾಟುವವರೆಗೆ ಬೇಕೆಂದೇ ಬಾಯಿ ಮುಚ್ಚಿಕೊಂಡಿದ್ದರು ಎಂದು ಮಾಷ್ಟ್ರ ಮುಖವೇ ಹೇಳುತ್ತಿತ್ತು.

ನಿರಂಜನ ಗೋಡೆ ನೋಡುತ್ತಾ ಅಂದ, "ಸರಿ. ಇದೊಂದು ಆಡ್ತೀನಿ. ಇದಾದ ಮೇಲೆ ನಾನು ಸಿಂಗಲ್ಸ್ ಮಾತ್ರ. ಇವಳಿಗೆ ಬೇರೆ ಜೋಡಿ ಹುಡುಕಿ."

'ಇವಳಿಗೆ...' ಹೆಸರು ಕೂಡ ಹೇಳಲಿಲ್ಲ! ಅವಳ ಪಾಲಿಗೆ ಉಳಿದದ್ದು ಒಂದೇ ಟೂರ್ನಮೆಂಟ್. ಅದು ಮುಗಿದ ದಿನ ಅವನ ಜೊತೆಯೂ ಮುಗಿದಂತೆ. ಸುಚಿತ್ರಾ ಎದ್ದು ಹೊರಗೆ ಬಂದಳು.

ಪಂದ್ಯದ ಹಿಂದಿನ ಭಾನುವಾರ ಅವಳು ಊರಿಗೆ ಹೋದಳು. ಅಪ್ಪ ಗುತ್ಯಪ್ಪ ಗದ್ದೆಯ ಕಡೆ ಹೋಗಿದ್ದ. ಅಮ್ಮ ಯಮುನಮ್ಮ ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಸುಚಿತ್ರಾ ತಲೆ ಸ್ನಾನ ಮಾಡಿ, ಕಂಬಕ್ಕೊರಗಿ ಜಡೆ ಹೆಣೆದುಕೊಳ್ಳತೊಡಗಿದಳು. ಎರಡು ಎಳೆ ಬೆರಳಲ್ಲಿ, ಒಂದು ಎಳೆ ಮೊಣಕೈ ಕೆಳಗೆ. ಮನಸ್ಸು ಎಲ್ಲೋ ಇತ್ತು. ಎಳೆ ಜಾರಿತು. ಮತ್ತೆ ಹೆಣೆದಳು. ಮತ್ತೆ ಜಾರಿತು.

ತಲೆ ಎತ್ತಿ ನೋಡಿದರೆ ಅಮ್ಮನ ಕೈಗಳು ಅವರೆಕಾಯಿ ಬಿಟ್ಟಿದ್ದವು. ಎರಡೂ ಕೈಗೆ ಸೆರಗನ್ನು ಬಿಗಿಯಾಗಿ ಸುತ್ತಿಕೊಂಡು ಕೂತಿದ್ದಳು.

"ಏನಮ್ಮ ಅದು? ಚಳಿನಾ?"

"ಚಳಿ ಎಲ್ಲಿಂದ ಬರ್ಬೇಕು, ಈ ಸೆಕೆಲಿ." ಯಮುನಮ್ಮ ನಾಚಿಕೊಂಡಳು. "ಹಳೇ ಚಾಳಿ ಮಗಾ. ನಿಂಗೆ ಏಳು ವರ್ಷ ಇದ್ದಾಗ ಜಡೆ ಹಾಕಕ್ಕೆ ಬಂದ್ರೆ ಬಾಚಣಿಗೆ ಎಸೆದಿದ್ದೆ ನೆನಪೈತಾ? 'ಬಿಡಮ್ಮ, ನನ್ ಕೈಲಿ ಆಗ್ತದೆ' ಅಂತ."

"ಹ್ಞೂಂ."

"ಅವತ್ತಿಂದ ನೀ ಏನೇ ಮಾಡ್ಕೋತಿದ್ರೂ ನಾನು ಕೈಗೆ ಸೆರಗು ಸುತ್ಕೊಂಡು ಕೂರೋದು. ಇಲ್ದಿದ್ರೆ ಕೈ ತಾನಾಗೇ ಬರ್ತದಲ್ಲ! ಎಳೆ ಜಾರ್ತದೆ, ನೀ ಅಳ್ತಿ, ನಾ ಸುಮ್ನೆ ಕೂತಿರ್ತೀನಿ. ಜನ ನೋಡಿ, ಎಂಥಾ ಕಲ್ಲು ಮನಸ್ಸಿನೋಳು ಅಂದ್ರು."

"ಅಮ್ಮ..."

"ಮಾಡಿಕೊಡೋದು ಸುಲಭ ಮಗಾ. ಸುಮ್ನಿರೋದು ಐತಲ್ಲ, ಅದು ಕಷ್ಟ."

ಜಡೆ ಅರ್ಧಕ್ಕೇ ನಿಂತಿತು.

ವಖಾರಿಯ ಮೆಟ್ಟಿಲು ಕಣ್ಣ ಮುಂದೆ ಬಂತು. ಬೆನ್ನ ಹಿಂದೆ ಕೈ ಕಟ್ಟಿ ರಸ್ತೆ ನೋಡುತ್ತಾ ನಿಂತವನು... ಅವನೂ ಕೈ ಕಟ್ಟಿಹಾಕಿಕೊಂಡಿದ್ದ! ಮೊದಲ ದಿನದಿಂದಲೇ! ತಾನೇನು ಮಾಡಿದೆ? ಅವನ ಮೂಲೆಗೆ ಬಂದ ಒಂದೊಂದು ಶಟಲನ್ನೂ ಕಿತ್ತುಕೊಂಡೆ. ಸಾಲದ್ದಕ್ಕೆ ಊರಿಗೆಲ್ಲ ಸಾರಿ ಹೇಳಿದೆ.

'ಅಯ್ಯೋ ದೇವರೇ... ನನಗೆ ಯಾರೂ ಮಾಡಬಾರದು ಅಂದ್ಕೊಂಡಿದ್ದನ್ನೇ ಅವರಿಗೆ ಮಾಡಿದ್ನಲ್ಲ!'

ಅವಳು ಅಮ್ಮನ ಮಡಿಲಲ್ಲಿ ಮುಖವಿಟ್ಟು ಬಿಕ್ಕಿದಳು. ಅವರೆಕಾಯಿಯೆಲ್ಲ ಚೆಲ್ಲಿತು. ಯಮುನಮ್ಮ ತಲೆ ಸವರಿ ಅಂದಳು, "ಈ ಸಲ ನಾನೂ ಬರ್ತೀನಿ ತೀರ್ಥಳ್ಳಿಗೆ. ನಿನ್ನಾಟ ಒಂದಿನಾನೂ ನೋಡಿಲ್ಲ ನಾನು."

*

ತೀರ್ಥಹಳ್ಳಿಯ ಒಳಾಂಗಣ ಕ್ರೀಡಾಂಗಣ ಕಿಕ್ಕಿರಿದಿತ್ತು. ಫೈನಲ್‌ನಲ್ಲಿ ಎದುರಿಗಿದ್ದವರು ಅದೇ ಊರಿನ ಜೋಡಿ, ಲಿಖಿತ್ ಮತ್ತು ಮೇಘನಾ. ಜನವೆಲ್ಲ ಅವರ ಕಡೆಗೇ.

ನಿರಂಜನ ಬೆಳಗ್ಗೆಯಿಂದ ಅವಳ ಜೊತೆ ಆಡಿದ್ದು ಬೇಕಾದಷ್ಟೇ ಮಾತು. "ಸರ್ವ್ ನಿಂದು." "ನೀರು ಇಲ್ಲಿದೆ." ಸುಚಿತ್ರಾ ಹೇಳಬೇಕೆಂದುಕೊಂಡ ಕ್ಷಮೆಯ ಮಾತು ಹಾಗೇ ಉಳಿಯಿತು. ಆ ಮುಖ ನೋಡಿದರೆ ಮಾತು ಸಾಲದು ಅನ್ನಿಸುತ್ತಿತ್ತು.

ಹಾಳು ಅಭ್ಯಾಸ! ಆಟ ಶುರುವಾದ ಕೂಡಲೇ ಅವಳ ಕಾಲು ತಾನಾಗಿ ಅವನ ಮೂಲೆಗೆ ಓಡಿತು. ಮೊದಲ ಗೇಮ್ ಹಾಗೂ ಹೀಗೂ ಗೆದ್ದರು. ಎರಡನೆಯದರಲ್ಲಿ ಅವಳಿಗೆ ದಮ್ಮು ಹತ್ತಿತು, ಅವನು ಮತ್ತೆ ಕಂಬವಾದ. ಸೋತರು.

ವಿರಾಮದಲ್ಲಿ ಮಾಷ್ಟ್ರಿಗೆ ಮನೆಮಾತೇ ಬಂದುಬಿಟ್ಟಿತು. "ಎಂತ ಆಟ ಇದು! ಒಂಚೂರು ಲಕ್ಷಣ ಇಲ್ಲೆ!"

ಸುಚಿತ್ರಾ ಗ್ಯಾಲರಿ ನೋಡಿದಳು. ಮೂರನೇ ಸಾಲಿನಲ್ಲಿ ಅಮ್ಮ. ಎರಡೂ ಕೈಗೆ ಸೆರಗು ಸುತ್ತಿಕೊಂಡು, ಕಣ್ಣು ಅಗಲ ಮಾಡಿ ಕೂತಿದ್ದಳು.

ಮೂರನೇ ಗೇಮ್.

ಮೊದಲ ಶಟಲೇ ಅವನ ಎಡ ಮೂಲೆಗೆ. ಸುಚಿತ್ರಾಳ ಮೈಯೆಲ್ಲ ಅತ್ತ ವಾಲಿತು. ಅವಳು ರಾಕೆಟ್ಟನ್ನು ಎದೆಗೊತ್ತಿಕೊಂಡು, ಕಾಲನ್ನು ನೆಲಕ್ಕೆ ಊರಿ, ನಿಂತೇ ಇದ್ದಳು.

ನಿರಂಜನನಿಗೆ ನಂಬಿಕೆಯಾಗಲಿಲ್ಲ. ತಡವಾಗಿ ತಿರುಗಿದ. ತಪ್ಪಿತು.

ಮತ್ತೆ ಅಲ್ಲಿಗೇ ಬಂತು. ಅವಳು ಕದಲಲಿಲ್ಲ. ಈ ಸಲ ಅವನು ಸಿದ್ಧನಿದ್ದ. ಸ್ಟೀಲಿನ ಕಾಲನ್ನೇ ತಿರುಗಣಿ ಮಾಡಿಕೊಂಡು ತಿರುಗಿ, ಹಿಂಗೈಯಲ್ಲಿ ಬಾರಿಸಿದ. ಶಟಲ್ ಚಪ್ಪಟೆಯಾಗಿ, ಕಾಣದ ಒಂದು ತೊಲೆಯ ಕೆಳಗೆ ತೂರಿದ ಹಾಗೆ, ಮೇಘನಾಳ ಕಾಲ ಬಳಿ ಬಿತ್ತು.

ಅದು ವಖಾರಿಯ ಹೊಡೆತ! ಎರಡು ತಿಂಗಳ ಮಧ್ಯಾಹ್ನಗಳನ್ನು ಅವನು ಏನು ಮಾಡಿ ಕಳೆದಿದ್ದನೆಂದು ಅವಳಿಗೆ ಆಗ ತಿಳಿಯಿತು.

ಅವನು ಕೆಲವನ್ನು ತೆಗೆದ, ಕೆಲವು ತಪ್ಪಿದವು. ಅಂಕಗಳು ಜೊತೆಜೊತೆಗೇ ಏರಿದವು. ಇಪ್ಪತ್ತು, ಹದಿನೆಂಟು. ಗೆಲ್ಲಲು ಇವರಿಗೆ ಇನ್ನೊಂದೇ ಅಂಕ ಬೇಕಿತ್ತು. ಲಿಖಿತ್ ಜಾಣ, ಅದೇ ಮೂಲೆಗೆ ಬಲವಾಗಿ ಕಳಿಸಿದ. ನಿರಂಜನ ತಪ್ಪಿದ. ಹತ್ತೊಂಬತ್ತು. ಮತ್ತೆ ಅಲ್ಲಿಗೇ. ರಾಕೆಟ್ಟಿನ ಅಂಚಿಗೆ ತಾಗಿ ಶಟಲ್ ನೆಟ್ಟಿಗೆ ಬಿತ್ತು. ಇಪ್ಪತ್ತು, ಇಪ್ಪತ್ತು!

"ಸುಚಿತ್ರಾ! ನೀ ತಗಳೇ ಅದನ್ನ!" ಮಾಷ್ಟ್ರು ಕೂಗಿದರು.

ನಿರಂಜನ ಬೆವರು ಒರೆಸಿಕೊಳ್ಳುತ್ತಾ ಅವಳ ಹತ್ತಿರ ಬಂದ. ಎರಡು ತಿಂಗಳಲ್ಲಿ ಮೊದಲ ಸಲ ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಿದ.

"ಇನ್ನು ನೀನೇ ತಗೋ. ನಾನು ಮತ್ತೆ ತಪ್ಪಿದ್ರೆ ಮ್ಯಾಚ್ ಹೋಗುತ್ತೆ."

"ಹೋಗ್ಲಿ."

"ಸುಚಿತ್ರಾ, ನ್ಯಾಷನಲ್ಸ್..."

"ಹೋಗ್ಲಿ ಅಂದ್ನಲ್ಲ. ಆ ಮೂಲೆ ನಿಮ್ಮದು. ಸೋತ್ರೂ ನಾನು ಅಲ್ಲಿಗೆ ಬರಲ್ಲ." ಅವಳ ಕಣ್ಣು ತುಂಬಿತ್ತು. "ದಾವಣಗೆರೆಲೂ ಬರಬಾರದಿತ್ತು. ತಪ್ಪಾಯ್ತು."

ಅವನು ಒಂದು ಸಲ ಉಸಿರೆಳೆದುಕೊಂಡು ತನ್ನ ಜಾಗಕ್ಕೆ ಹೋದ.

ಸರ್ವ್. ಒಂದೆರಡು ಸಲ ಆಚೀಚೆ. ಆಮೇಲೆ ಬಂತು ನೋಡಿ, ಎತ್ತರಕ್ಕೆ, ಹಿಂದಕ್ಕೆ, ಎಡ ಮೂಲೆಗೆ! ಇಡೀ ಕ್ರೀಡಾಂಗಣ ಉಸಿರು ಬಿಗಿಹಿಡಿಯಿತು. ಸುಚಿತ್ರಾ ಹಿಂತಿರುಗಿಯೂ ನೋಡಲಿಲ್ಲ. ನೆಟ್ಟಿನ ಕಡೆ ಮುಖ ಮಾಡಿ ನಿಂತಳು. ಸ್ಟೀಲಿನ ಕಾಲು ನೆಲದ ಮೇಲೆ ಕಿರ್ರೆಂದು ತಿರುಗಿದ ಸದ್ದು ಕೇಳಿತು. ಮರುಕ್ಷಣ ಅವಳ ಕಿವಿಯ ಪಕ್ಕದಿಂದಲೇ ಏನೋ ಸುಯ್ಯೆಂದು ಹೋಯಿತು.

ಶಟಲ್ ಇಬ್ಬರು ಎದುರಾಳಿಗಳ ನಡುವೆ ನೆಲಕ್ಕೆ ಬಿದ್ದಿತ್ತು.

ಇಪ್ಪತ್ತೊಂದು, ಇಪ್ಪತ್ತು. ಎರಡು ಅಂಕ ಮುಂದಿದ್ದರೆ ಮಾತ್ರ ಗೆಲುವು, ಇನ್ನೂ ಒಂದು ಬೇಕು.

ಈಗ ಆ ಮೂಲೆಗೆ ಕಳಿಸಲು ಲಿಖಿತ್‌ಗೆ ಧೈರ್ಯ ಬರಲಿಲ್ಲ. ಅನುಮಾನಿಸಿ, ಕೊನೆಗಳಿಗೆಯಲ್ಲಿ ಮನಸ್ಸು ಬದಲಿಸಿ, ನೇರ ಸುಚಿತ್ರಾಳ ತಲೆಯ ಮೇಲಕ್ಕೆ ಎತ್ತಿಕೊಟ್ಟ. ನ್ಯಾಷನಲ್ ಚಾಂಪಿಯನ್ನಿಗೆ ಅಷ್ಟು ಸಾಕು! ಅವಳು ನೆಗೆದು ಹೊಡೆದ ಸ್ಮ್ಯಾಶ್ ನೆಲಕ್ಕೆ ಬಡಿದ ಸದ್ದಿಗೆ ಯಮುನಮ್ಮನ ಕೈಗಳು ಸೆರಗು ಬಿಡಿಸಿಕೊಂಡು ಚಪ್ಪಾಳೆ ತಟ್ಟಿದವು.

*

ಬಹುಮಾನ, ಫೋಟೋ, ಹಾರ ಎಲ್ಲ ಮುಗಿಯಿತು. ಮೇಘನಾ ಬಂದು ಅವಳನ್ನು ತಬ್ಬಿಕೊಂಡು ಹೋದಳು. ಅಮ್ಮನನ್ನು ಮಾಷ್ಟ್ರು ಕಾಫಿಗೆ ಕರೆದುಕೊಂಡು ಹೋದರು. ಸಂಜೆಯ ಬಿಸಿಲು ಕ್ರೀಡಾಂಗಣದ ಹಿಂಬದಿಯ ಮೆಟ್ಟಿಲ ಮೇಲೆ ಹಳದಿಯಾಗಿ ಹಾಸಿತ್ತು. ತುಂಗೆಯ ಕಡೆಯಿಂದ ತಣ್ಣಗೆ ಗಾಳಿ.

ಸುಚಿತ್ರಾ ಆಟದ ಬಟ್ಟೆ ಬದಲಿಸಿ ಚೂಡಿದಾರ ತೊಟ್ಟು, ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದಳು. ಗೆದ್ದದ್ದು ಹೌದು. ಆದರೆ ಇದೇ ಕೊನೆಯ ಟೂರ್ನಮೆಂಟ್ ಅಂದಿದ್ದನಲ್ಲ ಅವನು...

ಹಿಂದೆ ಹೆಜ್ಜೆ ಸದ್ದು. ಒಂದು ಮೆತ್ತಗೆ, ಒಂದು ಗಟ್ಟಿ. ಅವಳಿಗೆ ತಿರುಗಿ ನೋಡಬೇಕಾಗಿರಲಿಲ್ಲ.

"ಸಿಗಂದೂರು ಸೇತುವೆ ಮೇಲೆ ಒಂದು ಮಾತು ಹೇಳಕ್ಕೆ ಹೊರಟಿದ್ದೆ," ಅಂದ ನಿರಂಜನ. "ನೀನು ಕಾರು ತರಿಸ್ಲಾ ಅಂತ ಕೇಳಿದೆ. ಇವಳಿಗೆ ನಾನು ಬರೀ ಪಾಪ ಅನ್ಸೋ ಮನುಷ್ಯ ಅಂದ್ಕೊಂಡೆ. ನಿನ್ನಿಂದ ಎಲ್ಲಾ ತಡ್ಕೊಬಹುದಿತ್ತು ಸುಚಿತ್ರಾ. ಅದೊಂದನ್ನು ಬಿಟ್ಟು."

"ಪಾಪ ಅಲ್ಲ," ಅವಳ ದನಿ ಒಡೆಯಿತು. "ಪ್ರೀತಿ. ನನಗೆ ಸುಮ್ನಿರಕ್ಕೆ ಬರ್ತಿರಲಿಲ್ಲ, ಅಷ್ಟೇ. ಅಮ್ಮನಿಂದ ಕಲ್ತೆ."

"ಇವತ್ತು ನೀನು ತಿರುಗೂ ನೋಡ್ಲಿಲ್ಲ."

"ನೋಡಿದ್ರೆ ಕಾಲು ಓಡ್ತಿತ್ತು."

ಅವನು ನಕ್ಕ. ಅದೇ ಮೊದಲ ದಿನದ ನಗು. "ನ್ಯಾಷನಲ್ಸಿಗೆ ಬೇರೆ ಜೋಡಿ ಹುಡುಕಿ ಅಂದಿದ್ದೆ ಮಾಷ್ಟ್ರಿಗೆ. ಈಗ ಬೇಡ ಅಂತ ಹೇಳಿಬಂದೆ."

"ನ್ಯಾಷನಲ್ಸಿಗೆ ಮಾತ್ರಾನಾ?"

"ಆಮೇಲಿನದ್ದಕ್ಕೆ ನಿಮ್ಮಪ್ಪನ್ನ ಕೇಳ್ಬೇಕು. ಭಾನುವಾರ ಬರ್ಲಾ?"

ಸುಚಿತ್ರಾಳ ಕೆನ್ನೆ ಕೆಂಪಾಯಿತು. ತಲೆ ತಗ್ಗಿಸಿದಳು. ಬಲಗಾಲಿನ ಬೂಟಿನ ಲೇಸ್ ಬಿಚ್ಚಿಕೊಂಡು ಮೆಟ್ಟಿಲ ಮೇಲೆ ಬಿದ್ದಿತ್ತು. ಅವನೂ ನೋಡಿದ. ನೋಡಿದವನೇ ಎಂದಿನಂತೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಕಣ್ಣನ್ನು ರಸ್ತೆಯ ಕಡೆ ತಿರುಗಿಸಿ ಕಾದು ನಿಂತ.

ಅವಳು ಲೇಸಿಗೆ ಕೈ ಹಾಕಲಿಲ್ಲ. ಕಾಲನ್ನು ಸ್ವಲ್ಪ ಮುಂದೆ ಚಾಚಿದಳು.

"ಇವತ್ತು ನೀವು ಕಟ್ಟಿ."

ಅವನು ಬೆರಗಾಗಿ ನೋಡಿದ. "ಯಾಕೆ? ನಿನ್ನ ಕೈಲಿ ಆಗಲ್ವಾ?"

"ಆಗುತ್ತೆ."

"ಮತ್ತೆ?"

"ಆಗುತ್ತೆ. ಆದ್ರೂ ಕಟ್ಟಿ."

ನಿರಂಜನ ಕಂಬಿ ಹಿಡಿದು, ಸ್ಟೀಲಿನ ಕಾಲನ್ನು ಉದ್ದಕ್ಕೆ ಚಾಚಿ, ನಿಧಾನವಾಗಿ ಕೆಳಗಿನ ಮೆಟ್ಟಿಲ ಮೇಲೆ ಕೂತುಕೊಳ್ಳತೊಡಗಿದ. 'ಹುಷಾರು' ಎಂಬ ಮಾತು ಅವಳ ತುಟಿಯವರೆಗೂ ಬಂತು. ಅದನ್ನು ನುಂಗಿಕೊಂಡು, ದುಪಟ್ಟಾದ ತುದಿಯನ್ನು ಕೈಗೆ ಸುತ್ತಿಕೊಂಡು, ಅವನು ಕೂರುವವರೆಗೂ ಕಾದಳು.